ಎಂಜಿನ್ ಲೈಟ್ ಹೊತ್ತಿಕೊಂಡರೆ ಬಂಕ್‌ನ ಪೆಟ್ರೋಲೇ ಕಾರಣವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಕಲಬುರಗಿಯಲ್ಲಿ ಪೆಟ್ರೋಲ್ ಹಾಕಿಸಿದೆ, ಕಮಲಾಪುರ ಮುಟ್ಟುವಷ್ಟರಲ್ಲಿ ಎಂಜಿನ್ ಲೈಟ್ ಹತ್ತಿತು. ಆ ಬಂಕ್‌ಗೆ ಯಾರೂ ಹೋಗಬೇಡಿ, ಎಲ್ಲರಿಗೂ ಶೇರ್ ಮಾಡಿ." ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಊರಿನ ಹೆಸರು ಬದಲಾಗುತ್ತದೆ, ಉಳಿದದ್ದೆಲ್ಲ ಅದೇ. ಜೊತೆಗೊಂದು ಡ್ಯಾಶ್‌ಬೋರ್ಡ್ ಫೋಟೊ, ಇನ್ನೊಂದು ಬಂಕ್ ಫೋಟೊ. ಫೋಟೊ ಎರಡೂ ನಿಜವೇ ಇರಬಹುದು. ಆದರೆ ಒಂದರಿಂದ ಇನ್ನೊಂದು ಆಯಿತು ಎಂದು ಆ ಹಳದಿ ದೀಪ ಹೇಳುವುದಿಲ್ಲ.

ದೀಪಕ್ಕೆ ಪೆಟ್ರೋಲಿನ ಗುಣಮಟ್ಟ ಅಳೆಯಲು ಬರುವುದಿಲ್ಲ. ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ನೋಡುವುದು ಪರಿಣಾಮವನ್ನು ಮಾತ್ರ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿಯಿತು, ಯಾವ ಸಿಲಿಂಡರ್ ಸರಿಯಾಗಿ ಉರಿಯಲಿಲ್ಲ, ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿದೆಯೇ ಎಂಬುದನ್ನು ಅದು ಗಮನಿಸುತ್ತದೆ. ಲೆಕ್ಕ ತಪ್ಪಿದಾಗ ಒಂದು ಕೋಡ್ ಬರೆದಿಟ್ಟು ದೀಪ ಹೊತ್ತಿಸುತ್ತದೆ. ಪಿ0171 ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಪಿ0300 ಎಂದರೆ ಅಲ್ಲಲ್ಲಿ ಮಿಸ್‌ಫೈರ್. ಪಿ0420 ಎಂದರೆ ಕನ್ವರ್ಟರ್ ದುರ್ಬಲ. ನೀರು ಬೆರೆತ ಪೆಟ್ರೋಲಿನಿಂದ ಮಿಸ್‌ಫೈರ್ ಆಗುತ್ತದೆ, ನಿಜ. ಆದರೆ ಹಳೇ ಸ್ಪಾರ್ಕ್ ಪ್ಲಗ್, ಕೆಟ್ಟ ಕಾಯಿಲ್, ಕಟ್ಟಿಕೊಂಡ ಇಂಜೆಕ್ಟರ್‌ನಿಂದಲೂ ಅದೇ ಕೋಡ್ ಬರುತ್ತದೆ.

ಈಗ ಕಲಬುರಗಿ–ಕಮಲಾಪುರದ ಲೆಕ್ಕಕ್ಕೆ ಬರೋಣ. ಟ್ಯಾಂಕ್‌ನಿಂದ ಎಂಜಿನ್‌ವರೆಗಿನ ಪೈಪಿನಲ್ಲಿ ಹಿಡಿಯುವ ಇಂಧನ ಬಹಳ ಕಡಿಮೆ. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ ಮುಟ್ಟುವ ಹೊತ್ತಿಗೆ ಹೊಸ ಪೆಟ್ರೋಲ್ ಎಂಜಿನ್ ತಲುಪಿ ಎಷ್ಟೋ ಹೊತ್ತಾಗಿರುತ್ತದೆ. ಹಾಗಾಗಿ ಅನುಮಾನ ತಪ್ಪಲ್ಲ. ಆದರೆ ಬಹಳಷ್ಟು ದೋಷಗಳನ್ನು ಇಸಿಯು ಒಂದೇ ಸಲ ನೋಡಿ ದೀಪ ಹೊತ್ತಿಸುವುದಿಲ್ಲ. ಸತತ ಎರಡು ಓಡಾಟದಲ್ಲಿ ಕಂಡರೆ ಮಾತ್ರ ಹೊತ್ತಿಸುತ್ತದೆ. ಅಂದರೆ ಕಮಲಾಪುರದಲ್ಲಿ ಹೊತ್ತಿದ ದೀಪ ನಿನ್ನೆ ಮೊದಲ ಸಲ ಕಂಡ ದೋಷದ್ದೂ ಆಗಿರಬಹುದು. ಆಗ ಇಂದಿನ ಬಂಕ್ ಸಿಕ್ಕಿಬಿದ್ದದ್ದು ಬರೀ ಕಾಕತಾಳೀಯ.

ಇಂಧನದ ಮೇಲಿನ ಅನುಮಾನ ಗಟ್ಟಿಯಾಗುವುದು ಬೇರೆ ಲಕ್ಷಣಗಳು ಜೊತೆ ಸೇರಿದಾಗ. ಹಾಕಿಸಿದ ಕೆಲವೇ ಕಿಲೋಮೀಟರಿನಲ್ಲಿ ಎಂಜಿನ್ ಜರ್ಕ್ ಹೊಡೆಯುವುದು, ಏರಿನಲ್ಲಿ ಎಳೆಯದೆ ಟಕಟಕ ಸದ್ದು ಮಾಡುವುದು, ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದು. ಒಂದಲ್ಲ, ಎಲ್ಲ ಸಿಲಿಂಡರಿನಲ್ಲೂ ಮಿಸ್‌ಫೈರ್ ಕಂಡರೆ ಅನುಮಾನ ಇನ್ನೂ ಹೆಚ್ಚು. ಒಂದೇ ಸಿಲಿಂಡರ್ ತೊಂದರೆ ಕೊಡುತ್ತಿದ್ದರೆ ಮೊದಲು ಅದರ ಪ್ಲಗ್, ಕಾಯಿಲ್ ನೋಡಿಸಿ.

ಎಥೆನಾಲ್ ಮತ್ತು ಬಾಟಲಿ ವಿಡಿಯೊ

ಪೆಟ್ರೋಲಿಗೆ ನೀರು ಸುರಿದು ಕುಲುಕಿ, ತಳದ ಪದರ ಉಬ್ಬಿದ್ದನ್ನು ತೋರಿಸಿ "ಕಲಬೆರಕೆ ಸಿಕ್ಕಿಬಿತ್ತು" ಎನ್ನುವ ವಿಡಿಯೊಗಳಿವೆ. ಅಲ್ಲಿ ಕಾಣುವುದು ಎಥೆನಾಲ್. ನೀರು ಕಂಡರೆ ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರುತ್ತದೆ. 100 ಮಿ.ಲೀ. ಇ20 ಪೆಟ್ರೋಲಿನಲ್ಲಿ ಸುಮಾರು 20 ಮಿ.ಲೀ. ಎಥೆನಾಲ್ ಇರುವುದರಿಂದ ತಳದ ಪದರ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ. ಇದು ಸರ್ಕಾರವೇ ಬೆರೆಸಲು ಹೇಳಿರುವ ಪ್ರಮಾಣ. ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ.

ಹಾಗಾದರೆ ಇ20ಯಿಂದ ದೀಪ ಹೊತ್ತುವುದೇ ಇಲ್ಲವೇ? ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಇಸಿಯು ಸ್ವಲ್ಪ ಹೆಚ್ಚು ಇಂಧನ ಸಿಂಪಡಿಸಬೇಕಾಗುತ್ತದೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಈ ಹೆಚ್ಚಳ ಶೇ. 8–9ರಷ್ಟು. ಆರೋಗ್ಯವಾಗಿರುವ ಎಂಜಿನ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಆದರೆ ಹಳೇ ಕಾರಿನಲ್ಲಿ ಬಿರುಕು ಬಿಟ್ಟ ಗಾಳಿ ಪೈಪೋ ದಣಿದ ಪಂಪೋ ಮೊದಲೇ ಇದ್ದರೆ, ಈ ಸಣ್ಣ ಹೆಚ್ಚಳವೇ ಅದನ್ನು ಮಿತಿ ದಾಟಿಸಿ ಪಿ0171 ತರಿಸಬಹುದು. ಹೀಗಾದಾಗ ಬಂಕ್ ಕಳ್ಳನೂ ಅಲ್ಲ, ಕಾರು ಪೂರ್ತಿ ಸರಿಯೂ ಇಲ್ಲ. ಮೈಲೇಜ್ ಇಳಿಯುತ್ತದೆ ಎಂಬ ದೂರಿನಲ್ಲಿ ಮಾತ್ರ ಹುರುಳಿದೆ. ಇ10ಗೆ ಹೊಂದಿಸಿದ ಹಳೇ ಕಾರುಗಳಲ್ಲಿ ಶೇ. 6–7ರಷ್ಟು ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿಯೇ ಅಂದಾಜಿಸಿತ್ತು.

ನಿಜವಾದ ಅಪಾಯ ಮಳೆಗಾಲದ್ದು. ಬಂಕ್‌ನ ನೆಲದಡಿಯ ಟ್ಯಾಂಕಿಗೆ ನೀರು ಇಳಿದರೆ ಎಥೆನಾಲ್ ಅದನ್ನು ಹೀರಿಕೊಂಡು, ಒಂದು ಮಿತಿಯ ನಂತರ ನೀರಿನ ಜೊತೆಯೇ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಅದು ನಿಮ್ಮ ಕಾರಿಗೆ ಬಂದರೆ ಎಂಜಿನ್ ನಿಂತೇ ಹೋಗಬಹುದು.

ಕಲಬೆರಕೆಯೂ ಕಟ್ಟುಕಥೆಯಲ್ಲ. ಕೆಜಿಎಫ್‌ನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕ್ ವಿರುದ್ಧ ಕ್ರಮ ಕೈಗೊಂಡ ಅವರನ್ನು 2005ರ ನವೆಂಬರ್‌ನಲ್ಲಿ ಗುಂಡಿಟ್ಟು ಕೊಂದರು. ಅವರಿಗಾಗ 27 ವರ್ಷ. ಅದಕ್ಕೇ ಈ ಆರೋಪವನ್ನು ಸಾಕ್ಷ್ಯವಿಲ್ಲದೆ ಹಂಚಬಾರದು, ಸಾಕ್ಷ್ಯವಿದ್ದಾಗ ಬಿಡಲೂಬಾರದು ಎನ್ನುತ್ತೇವೆ ನಾವು.

ಸಾಕ್ಷ್ಯ ಅಳಿಸಬೇಡಿ

"ಬ್ಯಾಟರಿ ವೈರ್ 10 ನಿಮಿಷ ಬಿಚ್ಚಿಡಿ, ಲೈಟ್ ಮಾಯ" ಎಂಬ ಸಲಹೆಯೇ ಎಲ್ಲಕ್ಕಿಂತ ಕೆಟ್ಟದ್ದು. ದೀಪ ಹೋಗಬಹುದು, ದೋಷ ಹೋಗುವುದಿಲ್ಲ. ದೋಷ ಕಂಡ ಕ್ಷಣದ ಎಂಜಿನ್ ವೇಗ, ತಾಪಮಾನ, ಇಂಧನದ ಲೆಕ್ಕವನ್ನೆಲ್ಲ ಇಸಿಯು ಕೋಡ್ ಜೊತೆ ಉಳಿಸಿಕೊಂಡಿರುತ್ತದೆ. ಅದೂ ಅಳಿಸಿಹೋಗಬಹುದು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದ ಕೂಡಲೇ, ಕ್ಲಿಯರ್ ಮಾಡುವ ಮುನ್ನ, ಪರದೆಯ ಫೋಟೊ ತೆಗೆದುಕೊಳ್ಳಿ. ಇಂಧನದ ಅನುಮಾನವಿದ್ದರೆ ಟ್ಯಾಂಕ್‌ನ ತಳದಿಂದ ಸ್ವಲ್ಪ ತೆಗೆಸಿ ಗಾಜಿನ ಪಾತ್ರೆಯಲ್ಲಿ ಬಿಟ್ಟು ನೋಡಲು ಹೇಳಿ. ನೀರಿದ್ದರೆ ಬೇರೆ ಪದರವಾಗಿ ಕೆಳಗೆ ನಿಲ್ಲುತ್ತದೆ. ಮನೆಯಲ್ಲಿ ಈ ಪ್ರಯೋಗ ಬೇಡವೇ ಬೇಡ.

ದೀಪ ಮಿಣುಕುತ್ತಿದ್ದರೆ ಬಹುತೇಕ ಕಾರುಗಳಲ್ಲಿ ಅದು ತೀವ್ರ ಮಿಸ್‌ಫೈರ್‌ನ ಸೂಚನೆ. ಉರಿಯದ ಪೆಟ್ರೋಲ್ ಕನ್ವರ್ಟರ್ ಸೇರಿ ಅದನ್ನೇ ಸುಡುತ್ತದೆ, ಆದ್ದರಿಂದ ಗಾಡಿ ಬದಿಗೆ ಹಾಕಿ. ಎಡೆಬಿಡದೆ ಉರಿಯುತ್ತಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಕೆಂಪು ಆಯಿಲ್ ದೀಪ, ತಾಪಮಾನದ ದೀಪ ಬೇರೆ. ಅವು ಬಂದರೆ ತಕ್ಷಣ ನಿಲ್ಲಿಸಿ.

ಡೀಸೆಲ್ ಕಾರಿನವರಿಗೆ ಒಂದು ಮಾತು. ಊರೊಳಗೇ ಸಣ್ಣ ಸಣ್ಣ ಓಡಾಟ ಮಾಡುವ ಬಿಎಸ್6 ಡೀಸೆಲ್ ಕಾರಿನ ಡಿಪಿಎಫ್‌ನಲ್ಲಿ ಮಸಿ ಕಟ್ಟಿಕೊಂಡೂ ದೀಪ ಬರುತ್ತದೆ. ಅದು ಡಿಪಿಎಫ್ ದೀಪವಷ್ಟೇ ಆಗಿದ್ದರೆ, ಕಮಲಾಪುರದವರೆಗೆ ಒಂದೇ ವೇಗದಲ್ಲಿ 20 ನಿಮಿಷ ಓಡಿಸಿದರೆ ಹೆಚ್ಚಿನ ಸಲ ತಾನೇ ಆರುತ್ತದೆ. ಬರುವಾಗ ಕೆಂಪು ಬಾಳೆ ತಂದರಾಯಿತು.

ಬಂಕ್‌ನಲ್ಲಿ ಕೇಳಬಹುದಾದದ್ದು

ಫಿಲ್ಟರ್ ಪೇಪರ್ ಕೇಳಿ. ನಾಜಲ್ ತುದಿ ಒರೆಸಿ ಒಂದು ಹನಿ ಹಾಕಿದರೆ ಸುಮಾರು 2 ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ಸೀಮೆಎಣ್ಣೆಯೋ ಡೀಸೆಲ್ಲೋ ಬೆರೆತಿದ್ದರೆ ಜಿಡ್ಡು ಕಲೆ ನಿಲ್ಲುತ್ತದೆ. ಆದರೆ ಬೇಗ ಆವಿಯಾಗುವ ದ್ರಾವಕವಾಗಲಿ ನೀರಾಗಲಿ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಸಾಂದ್ರತೆಯನ್ನೂ ಅಳೆದು ತೋರಿಸಲು ಕೇಳಬಹುದು. 15 ಡಿಗ್ರಿಗೆ ಪರಿವರ್ತಿಸಿದ ಅಂಕಿ ಬಂಕ್‌ನ ದಾಖಲೆಗಿಂತ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ಆಚೀಚೆ ಇರಬಾರದು. ಕಲಬುರಗಿ ಬಿಸಿಲಿನಲ್ಲಿ ಪರಿವರ್ತಿಸದೆ ನೋಡಿದರೆ ಅಂಕಿ ಕಡಿಮೆಯೇ ಕಾಣುತ್ತದೆ, ಅದು ಮೋಸವಲ್ಲ.

ದೂರು ಕೊಡುವುದಾದರೆ ಬಂಕ್‌ನ ದೂರು ಪುಸ್ತಕ, ತೈಲ ಕಂಪನಿ ಮತ್ತು ಆಹಾರ ಇಲಾಖೆಗೆ ಕೊಡಿ. ಅಳತೆ ಕಡಿಮೆ ಎಂಬ ದೂರು ಮಾತ್ರ ಕಾನೂನು ಮಾಪನ ಇಲಾಖೆಗೆ ಸೇರಿದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದಿನಾಂಕ, ಸಮಯ ಇರುವ ಬಿಲ್, ಸ್ಕ್ಯಾನರ್ ಫೋಟೊ, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಜೊತೆಗಿರಲಿ. ಅದೇ ದಿನ ಅದೇ ಬಂಕ್‌ನಲ್ಲಿ ಹಾಕಿಸಿ ತೊಂದರೆ ಕಂಡ ಇನ್ನಿಬ್ಬರು ಸಿಕ್ಕರೆ ಅವರ ಬಿಲ್ ಕೂಡ ಸೇರಿಸಿ.