ಕ್ಯಾಜುವಾಲ್ಟಿಯಲ್ಲಿ ಯಾರ ತೀರ್ಮಾನ?

ವಿಜಯಪುರದ ಇಬ್ರಾಹಿಂಪುರದಿಂದಲೋ, ತಿಕೋಟಾ-ಬಬಲೇಶ್ವರದ ಕಡೆಯಿಂದಲೋ ಎದೆನೋವೆಂದು ಒಬ್ಬರನ್ನು ನಡುರಾತ್ರಿ ಆಸ್ಪತ್ರೆಗೆ ತಂದರೆ ಜೊತೆಗೆ ನಾಲ್ಕಾರು ಜನ ಇದ್ದೇ ಇರುತ್ತಾರೆ. ಡಾಕ್ಟರು ಮಾತಾಡುವುದು ಅವರಲ್ಲಿ ನಾಲ್ಕಕ್ಷರ ಓದಿದ ಅಳಿಯನ ಹತ್ತಿರ. ಹಿರಿಯರ ಉತ್ತರವಂತೂ ಸಿದ್ಧ: “ಏನ್ ಮಾಡೂದದ ಮಾಡ್ರಿ ಸಾಹೇಬ್ರ, ನಮಗೇನ್ ತಿಳೀತದ?” ಇಲ್ಲವೇ, “ಸೊಲ್ಲಾಪುರಕ್ಕ ಒಯ್ತೀವಿ.” ರೋಗಿ ಎಚ್ಚರವಾಗಿಯೇ ಇದ್ದರೂ ಅವರನ್ನು ಕೇಳುವವರು ಕಡಿಮೆ.

ಪ್ರಾಣ ಉಳಿಸುವ ಹೊತ್ತಿನಲ್ಲಿ ಒಪ್ಪಿಗೆಗೆ ಕಾಯಬೇಕಿಲ್ಲ ಎಂಬುದು ಹಳೆಯ ಕಾನೂನು. 1860ರ ದಂಡಸಂಹಿತೆಯ 92ನೇ ಕಲಮು, ಒಪ್ಪಿಗೆ ಪಡೆಯಲಾಗದ ಸ್ಥಿತಿಯಲ್ಲಿ ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಕೊಟ್ಟಿತ್ತು. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಾಯಾಳುವಿಗೆ ಕೂಡಲೇ ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯ ಎಂದಿತು. ಚಿಕಿತ್ಸೆ ಸಿಕ್ಕರೆ ಸಾಕು ಎನ್ನುವ ಕಾಲ ಅದು. ಎಂಥ ಚಿಕಿತ್ಸೆ ಎಂದು ಕೇಳುವ ಮಾತು ದೂರವೇ ಉಳಿಯಿತು.

2008ರಲ್ಲಿ ಎರಡು ಸಂಗತಿ ನಡೆದವು, ಒಂದು ಚಿಕಿತ್ಸೆಗೆ ತಲುಪುವುದಕ್ಕೆ, ಇನ್ನೊಂದು ಒಪ್ಪಿಗೆಗೆ ಸಂಬಂಧಿಸಿದ್ದು. ನವೆಂಬರ್ 1ರಂದು ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ ಶುರುವಾಯಿತು. ಅದಕ್ಕೂ ಮೊದಲೇ, ಜನವರಿಯಲ್ಲಿ, ರೋಗಿಯ ಒಪ್ಪಿಗೆ ಕುರಿತ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಪ್ರಾಣಾಪಾಯವಿಲ್ಲದಿದ್ದರೆ, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕ ರೋಗಿಯ ಪರವಾಗಿ ತಾಯಿ ಹೂಂ ಅಂದರೂ ಸಾಲದು ಎಂದಿತು ನ್ಯಾಯಾಲಯ. ಇದರಿಂದ ಆಸ್ಪತ್ರೆಗಳಲ್ಲಿ ಫಾರಂಗಳು ಹೆಚ್ಚಿದವು. ಮಾತು ಹೆಚ್ಚಿತೇ ಎಂಬುದು ಬೇರೆ ಪ್ರಶ್ನೆ.

ವೈದ್ಯರು, ರೋಗಿ ಕೂಡಿ ತೀರ್ಮಾನಿಸಬೇಕೆಂಬ ವಿಚಾರವನ್ನು 1982ರಲ್ಲೇ ಅಮೆರಿಕದ ಅಧ್ಯಕ್ಷೀಯ ಆಯೋಗವೊಂದು ಎತ್ತಿತ್ತು. ಆದರೆ ತುರ್ತು ವಿಭಾಗಕ್ಕೆ ಅದು ಬಂದದ್ದು ತಡವಾಗಿ. ಮೇಯೊ ಕ್ಲಿನಿಕ್‌ನ ಎರಿಕ್ ಹೆಸ್ ಮತ್ತು ಸಂಗಡಿಗರು ಎದೆನೋವಿನವರಿಗಾಗಿ ಒಂದು ಹಾಳೆ ರೂಪಿಸಿದರು. ಅದರಲ್ಲಿ ನೂರು ಪುಟ್ಟ ಚಿತ್ರ. ನಿಮ್ಮಂಥ ನೂರು ಜನರಲ್ಲಿ 45 ದಿನದೊಳಗೆ ಎಷ್ಟು ಜನರಲ್ಲಿ ಹೃದಯಾಘಾತ ಇಲ್ಲವೇ ಅದರ ಪೂರ್ವಸ್ಥಿತಿ ಕಾಣಬಹುದು ಎಂಬುದನ್ನು ಬಣ್ಣ ಹಚ್ಚಿ ತೋರಿಸುತ್ತಾರೆ. ಉಳಿದು ಪರೀಕ್ಷೆ ಮಾಡಿಸುತ್ತೀರೋ, ಮನೆಗೆ ಹೋಗಿ ಮತ್ತೆ ಬಂದು ತೋರಿಸುತ್ತೀರೋ ಎಂದು ಕೇಳುತ್ತಾರೆ. ಅಪಾಯ ಕಡಿಮೆ ಇರುವವರಿಗೆ ಮಾತ್ರ ಇದು. 898 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು: ಹಾಳೆ ನೋಡಿದವರಲ್ಲಿ ಶೇ 37 ಮಂದಿ ದಾಖಲಾದರು, ನೋಡದವರಲ್ಲಿ ಶೇ 52. ಅದೇ ಜಾಡಿನಲ್ಲಿ, ತಲೆಗೆ ಪೆಟ್ಟಾದ ಮಕ್ಕಳ ಪಾಲಕರಿಗೆಂದು ಮಾಡಿದ ಹಾಳೆಯಿಂದ ಸಿ.ಟಿ. ಸ್ಕ್ಯಾನ್ ಕಡಿಮೆಯಾಗಲಿಲ್ಲ, ಪಾಲಕರ ತಿಳಿವಳಿಕೆ ಮಾತ್ರ ಹೆಚ್ಚಿತು. ಅದೂ ಲಾಭವೇ ಅಲ್ಲವೇ?

ಅಪೆಂಡಿಸೈಟಿಸ್ ಅಂದರೆ ಆಪರೇಷನ್ ಎನ್ನುವ ಪಾಠವೂ ಸಡಿಲಾಗಿದೆ. 1,552 ವಯಸ್ಕರ ಮೇಲೆ ನಡೆದು 2020ರಲ್ಲಿ ಹೊರಬಂದ ಅಮೆರಿಕದ ಅಧ್ಯಯನದಲ್ಲಿ ಆ್ಯಂಟಿಬಯೋಟಿಕ್ ಪಡೆದ ಹತ್ತು ಜನರಲ್ಲಿ ಸುಮಾರು ಮೂವರಿಗೆ 90 ದಿನದೊಳಗೆ ಆಪರೇಷನ್ ಬೇಕಾಯಿತು, ಉಳಿದವರಿಗೆ ಆ ಅವಧಿಯಲ್ಲಿ ಬೇಕಾಗಲಿಲ್ಲ. ದುಡಿಯಲು ಗೋವೆಗೆ ಹೊರಟವರು ಒಮ್ಮೆಗೇ ಮುಗಿಯಲಿ ಅನ್ನಬಹುದು. ರಾಶಿಯ ಕಾಲದಲ್ಲಿ ಹೊಲ ಬಿಡಲಾಗದವರು ಔಷಧಿ ನೋಡೋಣ ಅನ್ನಬಹುದು. ಇದು ಡಾಕ್ಟರಿಗೆ ಗೊತ್ತಾಗುವುದು ಕೇಳಿದರೆ ಮಾತ್ರ.

ಕರ್ನಾಟಕದಲ್ಲಿ 2017ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಕಾಯ್ದೆ ರೋಗಿಗಳ ಹಕ್ಕುಗಳ ಸನ್ನದು ತಂದಿತು. ಇನ್ನು ಸರ್ಕಾರಿ ಕಡೆ, 2023ರಲ್ಲಿ ಘೋಷಣೆಯಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಈ ಮದ್ದಿನಿಂದ ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವಿದೆ. ತಡಮಾಡಿದರೆ ಹೃದಯದ ಸ್ನಾಯು ಸಾಯುತ್ತದೆ. ಈ ಎರಡು ವಾಕ್ಯ ಹೇಳಲು ಒಂದು ನಿಮಿಷ ಸಾಕು. ಪುರುಸೊತ್ತಿಲ್ಲ ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ.

ಹೊರದೇಶದ ಮಾದರಿಯನ್ನು ಹಾಗೆಯೇ ತಂದರೂ ನಡೆಯದು. ಅಲ್ಲಿ ಲೆಕ್ಕಕ್ಕಿರುವುದು ಒಬ್ಬ ರೋಗಿ, ಒಬ್ಬ ವೈದ್ಯ. ಇಲ್ಲಿ ಮನೆತನ ಇದೆ, ಸಾಲ ಇದೆ. ವೆಂಟಿಲೇಟರ್‌ನ ದಿನದ ಖರ್ಚು ಮುಚ್ಚಿಟ್ಟು ಕೇಳಿದ ಒಪ್ಪಿಗೆ ಅರ್ಧ ಒಪ್ಪಿಗೆಯೇ.

ರೋಗಿಗೆ ತನ್ನ ತೀರ್ಮಾನ ಹೇಳಲಾಗದ ಹೊತ್ತಿಗೂ ಒಂದು ದಾರಿ ಇದೆ. ಗುಣವಾಗುವ ಆಸೆ ಇಲ್ಲದ ಸ್ಥಿತಿ ಬಂದರೆ ಯಂತ್ರಗಳ ಮೇಲೆ ಇಡಬೇಕೇ ಬೇಡವೇ ಎಂಬುದನ್ನು ಮೊದಲೇ ಬರೆದಿಡಲು ಸುಪ್ರೀಂ ಕೋರ್ಟು 2018ರಲ್ಲಿ ಅವಕಾಶ ಕೊಟ್ಟು, 2023ರಲ್ಲಿ ವಿಧಾನ ಸರಳಗೊಳಿಸಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಮಾಡಿಸಿದರಾಯಿತು. ಬರೆದವರು ಅದರ ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಟ್ಟಿಡಲಿ.