ರಾಮನಗರದ ಮಣಿಸರ

ದಾರದಲ್ಲಿ ಪೋಣಿಸಿದ ಹಸಿರು ಮಣಿ, ಕೆಂಪು ಮಣಿ. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದ ದಿನ ಗಂಡ-ಹೆಂಡಿರು ಕೂಡಬಹುದು. ಕೆಂಪು ಬಂದರೆ ದೂರವಿರಬೇಕು. 1950ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯದ ರಾಮನಗರದ ಗೃಹಿಣಿಯರ ಕೈಗೆ ಸರ್ಕಾರ ಇಂಥ ಸರಗಳನ್ನು ಕೊಟ್ಟಿತ್ತು.

ಸಂತಾನ ನಿಯಂತ್ರಣ ಎಂಬ ಮಾತು ಈ ನಾಡಿಗೆ ಆಗ ಹೊಸದೇನಲ್ಲ. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಚಿಕಿತ್ಸಾಲಯ ತೆರೆಯಲು ಒಪ್ಪಿಗೆ ನೀಡಿತ್ತು. ಆದರೆ ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಕೃತಕ ಸಾಧನಗಳು ಅವರಿಗೆ ಒಗ್ಗುತ್ತಿರಲಿಲ್ಲ. ಉಳಿದದ್ದು ‘ಸುರಕ್ಷಿತ ದಿನ’ಗಳ ಲೆಕ್ಕಾಚಾರ. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಬಂದರು. ದೆಹಲಿಯ ಲೋಧಿ ಕಾಲೊನಿ ಮತ್ತು ರಾಮನಗರ ಪ್ರಯೋಗಕ್ಕೆ ಆಯ್ಕೆಯಾದವು.

ಈ ಲೆಕ್ಕಕ್ಕೆ ಆಗ ವಯಸ್ಸು ಮೂವತ್ತೂ ತುಂಬಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಅನೇಕ ವೈದ್ಯರು ಮುಟ್ಟಿನ ಆಸುಪಾಸಿನ ದಿನಗಳಲ್ಲೇ ಗರ್ಭ ನಿಲ್ಲುತ್ತದೆ, ನಡುವಿನ ದಿನಗಳು ಸುರಕ್ಷಿತ ಎಂದು ಹೇಳಿಕೊಡುತ್ತಿದ್ದರು. ಅಂದರೆ ಪೂರ್ತಿ ತಲೆಕೆಳಗು! ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಎಂದು ಜಪಾನಿನ ಕ್ಯುಸಾಕು ಒಗಿನೊ 1924ರಲ್ಲಿ ತೋರಿಸಿದರು. ಆಸ್ಟ್ರಿಯದ ಹರ್ಮನ್ ಕ್ನೌಸ್ ಬೇರೆ ದಾರಿಯಿಂದ ಹೆಚ್ಚುಕಡಿಮೆ ಅಲ್ಲಿಗೇ ತಲುಪಿದರು.

ಮಣಿಸರ ಮಾತ್ರ ಕೈಕೊಟ್ಟಿತು. ರಾತ್ರಿಯ ಕತ್ತಲಲ್ಲಿ ಹಸಿರು ಯಾವುದು, ಕೆಂಪು ಯಾವುದು? ಕೈಗೆ ತಿಳಿಯಲೆಂದು ಮಣಿಗಳ ಆಕಾರವನ್ನೇ ಬೇರೆ ಮಾಡಬೇಕಾಯಿತು. ಸರವನ್ನು ಕಂಡವರಿಗೆಲ್ಲ ಗುಟ್ಟು ರಟ್ಟಾಗುತ್ತದೆಂಬ ಸಂಕೋಚ ಕೆಲವರಿಗೆ. ಧರಿಸಿದರೇ ಸಾಕು, ಗರ್ಭ ನಿಲ್ಲದು ಎಂದು ತಾಯಿತದಂತೆ ನಂಬಿದವರೂ ಇದ್ದರು. ಈ ಕತೆಗಳನ್ನು ಹಳ್ಳಿ ಹೆಂಗಸರ ಅಜ್ಞಾನವೆಂದು ನಗುತ್ತಾ ಹೇಳುವುದು ಬಹುಕಾಲ ನಡೆಯಿತು. ಅದು ನ್ಯಾಯವಲ್ಲ. ‘ಹೊರಗೆ ಕೂರುವ’ ಪದ್ಧತಿಯಿದ್ದ ಮನೆಗಳಲ್ಲಿ ಮುಟ್ಟಿನ ಲೆಕ್ಕ ಹೆಂಗಸರಿಗೆ ಬಾಯಿಪಾಠವೇ ಆಗಿತ್ತು. ತೊಡಕಿದ್ದದ್ದು ಲೆಕ್ಕದಲ್ಲೇ: ಋತುಚಕ್ರ ಎಲ್ಲರಿಗೂ ಒಂದೇ ಸಮನಲ್ಲ, ಒಬ್ಬಳಲ್ಲೇ ತಿಂಗಳಿಂದ ತಿಂಗಳಿಗೆ ಹಿಂದುಮುಂದಾಗುತ್ತದೆ. ಬಾಣಂತನದಲ್ಲಿ, ಹಾಲೂಡಿಸುವಾಗ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇನ್ನೂ ಏರುಪೇರು. ಇನ್ನು ಕೆಂಪು ಮಣಿಯ ದಿನ ‘ಬೇಡ’ ಎಂದರೆ ಗಂಡ ಕೇಳಬೇಕಲ್ಲ? ಸರ ಕೊಟ್ಟದ್ದು ಹೆಂಡತಿಯ ಕೈಗೆ.

‘ಯಾವ ದಿನ ಸೇರಿದರೆ ಬಸುರಾಗುವುದಿಲ್ಲ?’ ಎಂದು ಇಂದಿಗೂ ವೈದ್ಯರನ್ನು ಕೇಳುವವರುಂಟು. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಜೀವಂತವಿರಬಲ್ಲದು. ಚಕ್ರ ಚಿಕ್ಕದಿದ್ದವರಲ್ಲಿ ಮುಟ್ಟಿನ ಕೊನೆಯ ದಿನಗಳ ಕೂಟದಿಂದಲೂ ಗರ್ಭ ನಿಲ್ಲಬಹುದು.

ಮಣಿಸರಕ್ಕೆ ಮತ್ತೊಂದು ಜನ್ಮವೂ ಬಂತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು 32 ಮಣಿಗಳ ಹೊಸ ಸರ ರೂಪಿಸಿದರು. ಅದರ ಲೆಕ್ಕದ ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಚಕ್ರ 26ರಿಂದ 32 ದಿನಗಳ ಒಳಗಿದ್ದವರಿಗೆ ಮಾತ್ರ ಅದು. 8ರಿಂದ 19ನೆಯ ದಿನದವರೆಗೆ ಎಚ್ಚರ. ಚಾಚೂ ತಪ್ಪದೆ ಪಾಲಿಸಿದರೂ ವರ್ಷದಲ್ಲಿ ನೂರಕ್ಕೆ ಸುಮಾರು ಐವರು ಗರ್ಭಿಣಿಯರಾದರು. ಸಾಮಾನ್ಯ ಬಳಕೆಯಲ್ಲಿ ಆ ಸಂಖ್ಯೆ ಹನ್ನೆರಡು. ಲೈಂಗಿಕ ರೋಗಗಳನ್ನಂತೂ ಯಾವ ಬಣ್ಣದ ಮಣಿಯೂ ತಡೆಯದು; ಅದಕ್ಕೆ ಕಾಂಡೋಮೇ ಬೇಕು.