ಚಪ್ಪಟೆ ತಂತಿಯಿಂದ ಎಚ್‌ಡಿಎಂಐವರೆಗೆ



ಮನೆಗೆ ದೊಡ್ಡ ಟಿ.ವಿ. ತಂದಾಗಲೆಲ್ಲ ನಿಮ್ಮಲ್ಲಿ ಹಲವರು ನನಗೆ ಕೇಳುವ ಪ್ರಶ್ನೆ ಒಂದೇ: "ಸರ್, ಯಾವ ಕೇಬಲ್ ಹಾಕಿದ್ರ ಚಿತ್ರ ಚಲೋ ಬರ್ತದ್ರೀ?" ವಿಜ್ಞಾನ ಕಲಿಸಿದ ಮಾಸ್ತರನಿಗೆ ಈ ಪ್ರಶ್ನೆ ಬರುವುದು ಸಹಜವೇ. ಆದರೆ ಇದರ ಉತ್ತರವು ನಮ್ಮ ಸೀಮೆಯ ಚರಿತ್ರೆಯೊಳಗೇ ಅಡಗಿದೆ.

ನಮ್ಮ ಭಾಗಕ್ಕೆ ದೂರದರ್ಶನವು ಮೊದಲು ಬಂದದ್ದು ಊರಿನ ಗೋಪುರದಿಂದಲ್ಲ, ಆಕಾಶದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳು ಆಗ ಬಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಸುಮಾರು ಮೂರು ಮೀಟರ್ ಅಗಲದ, ಕೋಳಿಗೂಡಿನ ಜಾಳಿಗೆಯಂತಹ ತಂತಿಬಲೆಯಿಂದ ಮಾಡಿದ ಆಂಟೆನಾ, ಒಂದು ಕಪ್ಪು-ಬಿಳುಪು ಪೆಟ್ಟಿಗೆ, ಸುತ್ತಲೂ ಇಡೀ ಹಳ್ಳಿ. ಒಂದು ವರ್ಷ ಮುಗಿಯುತ್ತಲೇ ಉಪಗ್ರಹವನ್ನು ಹಿಂದಕ್ಕೆ ಪಡೆಯಲಾಯಿತು. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಮೂಲ ಬತ್ತಿದರೆ ಪರದೆ ಬರಿದಾಗುತ್ತದೆ ಎಂಬುದು ನಮ್ಮ ಜನ ಕಲಿತ ಮೊದಲ ಪಾಠ.

ದೇಶದಲ್ಲಿ ಬಣ್ಣದ ಪ್ರಸಾರ 1982ರಲ್ಲಿ ಆರಂಭವಾಯಿತು. 1984ರಿಂದ ಸಣ್ಣ ಪ್ರಸಾರ ಕೇಂದ್ರಗಳು ದೇಶದಾದ್ಯಂತ ವೇಗವಾಗಿ ಹಬ್ಬಿದವು. 1987ರಲ್ಲಿ 'ರಾಮಾಯಣ' ಆರಂಭವಾದಾಗ ಮಾಳಿಗೆ ಮಾಳಿಗೆಯ ಮೇಲೂ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಏರತೊಡಗಿತು. ಅಲ್ಲಿಂದ ಕೆಳಗಿಳಿಯುತ್ತಿದ್ದುದು ಚಪ್ಪಟೆ ರಿಬ್ಬನ್ ತಂತಿ. ಅದರ ವಿದ್ಯುತ್ ಗುಣ 300 ಓಮ್. ದುಂಡನೆಯ ಕೋಯಾಕ್ಸಿಯಲ್ ಕೇಬಲ್ಲಿನದು 75 ಓಮ್. ಇವೆರಡನ್ನೂ ನೇರವಾಗಿ ಜೋಡಿಸಿದರೆ ಸಂಕೇತದ ಒಂದು ಭಾಗ ಹಿಮ್ಮರಳುತ್ತದೆ. ಘಟಪ್ರಭಾ ಕಾಲುವೆಯ ನೀರು ಥಟ್ಟನೆ ಇಕ್ಕಟ್ಟಾದೆಡೆ ಬಡಿದು ಹಿಂದಕ್ಕೆ ಅಲೆ ಹೊಡೆಯುವಂತೆ. ಹೀಗೆ ತಂತಿಯಲ್ಲಿ ಹಿಮ್ಮರಳಿದ ಅಲೆಯೂ, ಕಟ್ಟಡ-ಗುಡ್ಡಗಳಿಗೆ ತಾಗಿ ತಡವಾಗಿ ಬಂದ ಅಲೆಯೂ ರಾಮನ ಪಕ್ಕದಲ್ಲಿ ಮತ್ತೊಬ್ಬ ಮಸುಕು ರಾಮನನ್ನು ನಿಲ್ಲಿಸುತ್ತಿದ್ದವು. ಕೋಯಾಕ್ಸಿಯಲ್ ಕೇಬಲ್ಲಿನಲ್ಲಿ ನಡುವಿನ ತಂತಿಯ ಸುತ್ತ ಲೋಹದ ಜಾಳಿಗೆಯ ಕವಚವಿದ್ದು, ಹೊರಗಿನ ಗದ್ದಲವನ್ನು ಅದು ತಡೆಯುತ್ತದೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಇದಕ್ಕೆ ಪೇಟೆಂಟ್ ಪಡೆದದ್ದು 1880ರಲ್ಲಿ. ನಮ್ಮ ಓಣಿಗಳಲ್ಲಿ ಅದು ಮನೆಮಾತಾದದ್ದು 1990ರ ದಶಕದ ಕೇಬಲ್ ಟಿ.ವಿ.ಯಿಂದ. ಕಂಬದಿಂದ ಕಂಬಕ್ಕೆ ಸಾಗುವಾಗ ಸಂಕೇತ ಕ್ಷೀಣಿಸುತ್ತಿತ್ತು. ಅದನ್ನು ವರ್ಧಿಸುವ ಪೆಟ್ಟಿಗೆಗಳು ಗದ್ದಲವನ್ನೂ ವರ್ಧಿಸುತ್ತಿದ್ದವು. ಆದ್ದರಿಂದ ಸಾಲಿನ ಕೊನೆಯ ಮನೆಗೆ ಸಿಗುತ್ತಿದ್ದುದು ಚಿತ್ರಕ್ಕಿಂತ ಹೆಚ್ಚಾಗಿ ಬಿಳಿ ಚುಕ್ಕೆಗಳ ಸುರಿಮಳೆ.

ಅನಂತರ ಬಂದದ್ದು ಹಳದಿ ತಂತಿ, ಅರ್ಥಾತ್ ಕಾಂಪೊಸಿಟ್ ವಿಡಿಯೊ. ಇದನ್ನು ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ವಿವರಿಸುವುದು ಅತ್ಯಂತ ಸುಲಭ. ನಮ್ಮಲ್ಲಿದ್ದ ಪಾಲ್ ಪದ್ಧತಿಯಲ್ಲಿ ಬೆಳಕಿನ ಸಂಕೇತವು ಸುಮಾರು 5 ಮೆಗಾಹರ್ಟ್ಸ್‌ವರೆಗೆ ಹರಡಿರುತ್ತದೆ. ಬಣ್ಣದ ಸಂಕೇತವನ್ನು ಅದರೊಳಗೇ 4.43 ಮೆಗಾಹರ್ಟ್ಸ್‌ನ ಸುತ್ತ ತುರುಕಲಾಗಿದೆ. ಹಾಸು ಹೊಕ್ಕುಗಳೆರಡನ್ನೂ ಒಂದೇ ಲಾಳಿಯಲ್ಲಿ ತುಂಬಿ ಕಳುಹಿಸಿದಂತೆ. ಟಿ.ವಿ. ಅವನ್ನು ಮತ್ತೆ ಬಿಡಿಸಬೇಕು. ಸಣ್ಣ ಚೌಕಡಿಯ ಅಂಗಿಯೋ ಒತ್ತಾದ ಗೆರೆಯ ಸೀರೆಯಂಚೋ ಪರದೆಗೆ ಬಂದಾಗ ಅದರ ಸೂಕ್ಷ್ಮ ಗೆರೆಗಳನ್ನೇ ಬಣ್ಣವೆಂದು ಟಿ.ವಿ. ಭ್ರಮಿಸುತ್ತದೆ. ಬಿಳಿ-ಕಪ್ಪು ಚೌಕಡಿಯ ಮೇಲೆ ಕಾಮನಬಿಲ್ಲು ಕುಣಿಯುವುದು ಈ ಕಾರಣಕ್ಕೆ. ನೂಲಿನ ಬಣ್ಣವನ್ನು ಬಲ್ಲ ಕಣ್ಣಿಗೆ ಆ ಸುಳ್ಳು ಮರೆಯಾಗದು.

ಪರಿಹಾರವು ಪ್ರತ್ಯೇಕತೆಯಲ್ಲಿತ್ತು. 1987ರಲ್ಲಿ ಸೂಪರ್ ವಿಎಚ್‌ಎಸ್ ಯಂತ್ರಗಳೊಡನೆ ಪ್ರಚಾರಕ್ಕೆ ಬಂದ ಎಸ್-ವಿಡಿಯೊ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ತಂತಿಗಳಲ್ಲಿ ಒಯ್ದಿತು. ಕೆಂಪು, ಹಸಿರು, ನೀಲಿ ತುದಿಗಳ ಕಾಂಪೊನೆಂಟ್ ಕೇಬಲ್ ಬಣ್ಣವನ್ನು ಮತ್ತೆ ಎರಡಾಗಿ ಬಿಡಿಸಿತು. ಡಿವಿಡಿ ತಟ್ಟೆಯಲ್ಲಿ ಇವು ಮೊದಲಿನಿಂದಲೂ ಬೇರೆಯಾಗಿಯೇ ಇರುತ್ತವೆ. ಅದನ್ನು ಹಳದಿ ತಂತಿಯಿಂದ ನೋಡುವುದೆಂದರೆ ಬಿಡಿಯಾಗಿದ್ದ ನೂಲನ್ನು ಸಿಕ್ಕುಗಟ್ಟಿಸಿ ಮತ್ತೆ ಬಿಡಿಸಲು ಕೂತಂತೆ.

2002ರ ಡಿಸೆಂಬರಿನಲ್ಲಿ ಪ್ರಕಟವಾದ ಎಚ್‌ಡಿಎಂಐ ಈ ಕಥೆಯ ದಿಕ್ಕನ್ನೇ ಬದಲಿಸಿತು. ಇಲ್ಲಿ ಸಾಗುವುದು ಅಲೆಯ ಏರಿಳಿತವಲ್ಲ, ಸೊನ್ನೆ-ಒಂದುಗಳ ಲೆಕ್ಕ. ಲೆಕ್ಕ ಸರಿಯಾಗಿ ತಲುಪಿದರೆ ಚಿತ್ರ ಪೂರ್ಣ. ತಪ್ಪಿದರೆ ಮಿನುಗುವ ಚುಕ್ಕೆಗಳು ಇಲ್ಲವೇ ಕ್ಷಣಕಾಲದ ಕತ್ತಲೆ. ಆದ್ದರಿಂದ ಎರಡು ಮೀಟರಿನ ಸಾಧಾರಣ ಕೇಬಲ್ ಕೆಲಸ ಮಾಡುತ್ತಿದ್ದರೆ ಸಾವಿರಾರು ರೂಪಾಯಿಯ ಕೇಬಲ್ಲಿನಿಂದ ಬಣ್ಣ ಹೆಚ್ಚು ಗಾಢವಾಗದು. ಚಿನ್ನದ ಲೇಪ ತುಕ್ಕನ್ನು ತಡೆಯುತ್ತದೆ, ಚಿತ್ರವನ್ನು ತಿದ್ದುವುದಿಲ್ಲ. ಸೆಕೆಂಡಿಗೆ 60 ಚಿತ್ರಗಳ 4ಕೆ ನೋಡುವವರು 18 ಗಿಗಾಬಿಟ್ ಸಾಮರ್ಥ್ಯದ ಪ್ರಮಾಣೀಕೃತ ಕೇಬಲ್ ಕೊಳ್ಳಲಿ, ಅಷ್ಟು ಸಾಕು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಮಾತು. ನಿಮ್ಮ ಮನೆಯ ಟ್ರಂಕುಗಳಲ್ಲಿ ಮದುವೆಯ, ಶಾಲಾ ಸಮ್ಮೇಳನದ, ಶ್ರೀಕೃಷ್ಣ ಪಾರಿಜಾತದ ಆಟಗಳ ವಿಡಿಯೊ ಕ್ಯಾಸೆಟ್ಟುಗಳಿರಬಹುದು. ಅವುಗಳಲ್ಲಿ ಈಗಿಲ್ಲದ ಅಜ್ಜಿಯರ ಮುಖವಿದೆ, ಬೀಳಗಿಯ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮನೆಯ ಅಂಗಳವಿದ್ದರೂ ಇರಬಹುದು. ವಿಎಚ್‌ಎಸ್ ಟೇಪಿನ ಸ್ಪಷ್ಟತೆ ಸುಮಾರು 240 ಗೆರೆಗಳಷ್ಟೇ. ಯಾವ ದುಬಾರಿ ಕೇಬಲ್ಲೂ ಅದನ್ನು ಹೆಚ್ಚಿಸದು. ಆದರೆ ಕಾಂತಶಕ್ತಿ ವರ್ಷದಿಂದ ವರ್ಷಕ್ಕೆ ಕುಂದುತ್ತದೆ, ಬೂಸಲು ಹತ್ತುತ್ತದೆ. ಜಪಾನಿನ ಫುನಾಯ್ ಕಂಪನಿಯು 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿತು. ಹೊಸ ಟಿ.ವಿ.ಗಳಲ್ಲಿ ಹಳದಿ ರಂಧ್ರವೇ ಅಪರೂಪವಾಗುತ್ತಿದೆ. ಅಷ್ಟು ಹೀಗಳೆದ ಆ ಹಳದಿ ತಂತಿಯೇ ಸಾಮಾನ್ಯ ವಿಸಿಆರ್‌ನಿಂದ ಆ ಮುಖಗಳು ಹೊರಬರುವ ಬಾಗಿಲು.

ಆದ್ದರಿಂದ ದುಬಾರಿ ಕೇಬಲ್ಲಿಗೆ ಇಟ್ಟ ಹಣದಲ್ಲಿ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿರಿ. ಎರಡು ಪ್ರತಿ ಮಾಡಿ ಬೇರೆ ಬೇರೆ ಮನೆಗಳಲ್ಲಿ ಇಡಿರಿ. ಮುಂದಿನ ದೀಪಾವಳಿಗೆ ಊರಿಗೆ ಬಂದಾಗ ಮೊದಲು ಟ್ರಂಕು ತೆಗೆಯಿರಿ.